ಬಚ್ಚಲ ಬಾಳೆ

ಜಕ್ಕೂರು ಕೆರೆಗೆ ಹೋಗುವುದಿದ್ದರೆ ಆರೂಕಾಲಿಗೆಲ್ಲ ಏರಿಯ ಮೇಲಿರಬೇಕು. ಏಳಾಯಿತೆಂದರೆ ಓಡುವವರು, ಬಿರುಸಾಗಿ ನಡೆಯುವವರು, ಮೊಮ್ಮಕ್ಕಳ ಕೈ ಹಿಡಿದು ಬಂದವರು ಎಲ್ಲ ಸೇರಿ ಏರಿ ಸಂತೆಯಾಗುತ್ತದೆ. ಆ ಸಂತೆಯೂ ನನಗೆ ಇಷ್ಟವೇ. ಆದರೆ ಆರೂಕಾಲಿಗೆ ಕೆರೆ ಇನ್ನೂ ಮುಖ ತೊಳೆದಿರುವುದಿಲ್ಲ. ಧನುರ್ಮಾಸದಲ್ಲಂತೂ ನೀರಿನ ಮೇಲೆ ಮೊಳದೆತ್ತರ ಮಂಜು ನಿಂತಿರುತ್ತದೆ. ದೂರದ ಯಾವುದೋ ಗುಡಿಯ ಮೈಕಿನ ಹಾಡು ನೀರಿನ ಮೇಲೆ ಹಾದು, ಒದ್ದೆಯಾಗಿ, ಸಣ್ಣಗೆ ಕಿವಿ ಮುಟ್ಟುತ್ತದೆ. ಮಂಜಿನೊಳಗೆ ನಾಮದ ಕೋಳಿಗಳು ತಮ್ಮತಮ್ಮಲ್ಲೇ ಏನೋ ಗೊಣಗಿಕೊಳ್ಳುತ್ತಿರುತ್ತವೆ. ಎಷ್ಟು ಕಣ್ಣು ಕಿರಿದು ಮಾಡಿದರೂ ಕಾಣುವುದಿಲ್ಲ. ಒಂದು ಕಡೆ ಮಂಜು ಹರಿಯಿತೋ, ಮೊದಲು ಹಣೆಯ ಬಿಳಿ ನಾಮ ಕಾಣುತ್ತದೆ, ಅದರ ಹಿಂದಿನ ಕರೀ ಮೈ ಆಮೇಲೆ.

ಯಲಹಂಕ ಉಪನಗರದ ನಮ್ಮ ಮನೆಯಿಂದ ಇಲ್ಲಿಗೆ ಸ್ಕೂಟರಿನಲ್ಲಿ ಕಾಲು ಗಂಟೆ. ಭಾನುವಾರ ಬೆಳಿಗ್ಗೆ ಕಿವಿಗೆ ಶಾಲು ಸುತ್ತಿಕೊಂಡು ಹೊರಟುಬಿಡುತ್ತೇನೆ. ಕೆರೆ ಸುಮಾರು 160 ಎಕರೆ. ಚುರುಕಾಗಿ ನಡೆಯುವವರು ಒಂದು ಗಂಟೆಯೊಳಗೆ ಸುತ್ತಿ ಬರುತ್ತಾರೆ. ನನಗೆ ಮೂರು ಗಂಟೆ ಬೇಕು. ಬೇಲಿಯ ತಂತಿಯ ಮೇಲೆ ಮಿಂಚುಳ್ಳಿ ಕೂತಿದ್ದರೆ ಅದು ಒಮ್ಮೆಯಾದರೂ ನೀರಿಗೆ ಧುಮುಕುವವರೆಗೆ ಕಾಲು ಮುಂದೆ ಹೋಗುವುದಿಲ್ಲ. ಹಾವಕ್ಕಿ ಮುಳುಗಿ ಎದ್ದು ಕಲ್ಲಿನ ಮೇಲೆ ರೆಕ್ಕೆ ಹರವಿ ನಿಂತರೆ ಅದು ಒಣಗುವಷ್ಟು ಹೊತ್ತು ನಾನೂ ನಿಲ್ಲುತ್ತೇನೆ. ನಡುಗಡ್ಡೆಯ ಮರಗಳಲ್ಲಿ ಬೆಳಕು ಬಿದ್ದಂತೆ ಬೆಳ್ಳಕ್ಕಿಗಳು ಒಂದೊಂದೇ ಏಳುವುದನ್ನು ನೋಡುತ್ತ ಕೂತರೆ, ಯಾರೋ ನಿಧಾನಸ್ಥರು ಒಗೆದ ಬಟ್ಟೆ ಒಂದೊಂದೇ ಕೊಡವಿ ಹರವುತ್ತಿರುವಂತೆ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಹೆಜ್ಜಾರ್ಲೆ. ಐದು ಕಿಲೋ ತೂಗುವ, ರೆಕ್ಕೆ ಬಿಚ್ಚಿದರೆ ಎಂಟು ಅಡಿಯಾಗುವ ಹಕ್ಕಿ. ನೀರಿನ ಮೇಲಿರುವಾಗ ಅದರಷ್ಟು ಸಾವಧಾನದ ಜೀವ ಇನ್ನೊಂದಿಲ್ಲ. ಕೊಕ್ಕನ್ನು ಎದೆಗೆ ಒತ್ತಿಕೊಂಡು, ಎತ್ತ ಗಾಳಿ ಬೀಸಿದರೆ ಅತ್ತ, ಹೊರೆ ಹೊತ್ತ ದೋಣಿಯಂತೆ ತೇಲುತ್ತದೆ. ಮೀನು ಸಿಕ್ಕಿತೆಂದರೆ ಕೆಳಕೊಕ್ಕಿನ ಚೀಲ ತುಂಬ ನೀರು ಮೊಗೆದು, ತಲೆ ತಗ್ಗಿಸಿ ನೀರನ್ನೆಲ್ಲ ಬಸಿದು, ಆಮೇಲೆ ತಲೆಯೆತ್ತಿ ನುಂಗುತ್ತದೆ. ಅನ್ನದ ಗಂಜಿ ಬಸಿಯುವವರ ತಾಳ್ಮೆ ಅದು. ಏಳುವಾಗ ಮಾತ್ರ ಪಾಡು ಬೇರೆ. ಎರಡೂ ಕಾಲು ಕೂಡಿಸಿ ನೀರನ್ನು ಒದ್ದು ಒದ್ದು, ಪಟಪಟ ಸದ್ದು ಮಾಡುತ್ತ ಬಹುದೂರ ಓಡಿ, ಕೊನೆಗೆ ಹೇಗೋ ಗಾಳಿ ಹಿಡಿಯುತ್ತದೆ. ಪಕ್ಕದಲ್ಲೇ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಅಲ್ಲಿಂದೆದ್ದ ಪುಟ್ಟ ವಿಮಾನವೊಂದು ಮರಗಳ ಮೇಲೆ ಕಾಣಿಸಿಕೊಂಡ ಹೊತ್ತಿಗೇ ಇಲ್ಲಿಂದ ಹೆಜ್ಜಾರ್ಲೆಯೂ ಏಳುವುದನ್ನು ಒಮ್ಮೆ ಕಂಡಿದ್ದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಅಲ್ಲಿನವರು ಕಾಣುತ್ತಾರೆ. ನಮ್ಮ ಕೆರೆಯ ಇವುಗಳ ತವರು ಯಾವುದೋ. ಎಲ್ಲಿಯದೇ ಇರಲಿ, ಊಟಕ್ಕೆ ಇಲ್ಲಿಗೆ ಬಂದಿವೆ. ಊಟ ಇದೆ ಎಂದರೆ ನೀರು ಇದೆ.

ಆ ನೀರೇ ಮೊದಲ ವರ್ಷ ನನಗೆ ಒಗಟಾಗಿತ್ತು. ನಾನು ಕೋಲಾರದ ಕಡೆಯವಳು. ನಮ್ಮ ಸೀಮೆಯಲ್ಲಿ ಕೆರೆಯೆಂದರೆ ಮಳೆಯ ಜೊತೆ ಬಂದು ಬಿಸಿಲಿನ ಜೊತೆ ಹೋಗುವ ನೆಂಟ. ಸಂಕ್ರಾಂತಿ ಕಳೆದರೆ ತೂಬಿನ ಕಲ್ಲುಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು. ಯುಗಾದಿಯ ಹೊತ್ತಿಗೆ ಕೆರೆಯಂಗಳ ಬಿರುಕು ಬಿಟ್ಟು ಹುಡುಗರ ಕ್ರಿಕೆಟ್ಟಿಗೆ ಸಜ್ಜಾಗುತ್ತಿತ್ತು. ಇಲ್ಲಿ ವೈಶಾಖದ ಉರಿಬಿಸಿಲಿನಲ್ಲೂ ನೀರು ತಳ ತೋರಿಸಿದ್ದನ್ನು ನಾನು ಕಂಡಿಲ್ಲ. ಹೊಳೆಯಿಲ್ಲದ ಊರಿನಲ್ಲಿ, ಮಳೆಯಿಲ್ಲದ ತಿಂಗಳಿನಲ್ಲಿ, ಯಾರು ತಂದು ಸುರಿಯುತ್ತಾರೆ ಇಷ್ಟು ನೀರನ್ನು?

ಒಂದು ಬೆಳಿಗ್ಗೆ ಏರಿಗೆ ಎದುರಿನ ತುದಿಯವರೆಗೂ ನಡೆದು ಹೋದೆ. ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಮೊದಲು ಕಟ್ಟಿದಾಗ ದಿನಕ್ಕೆ 1 ಕೋಟಿ ಲೀಟರ್ ನೀರನ್ನು ಶುದ್ಧಿ ಮಾಡುವ ಅಳತೆಯದು. ಬರುವ ನೀರು ಯಲಹಂಕ ಕಡೆಯ ಮನೆಗಳದ್ದು. ಫಲಕ ಓದಿ ಅಲ್ಲೇ ನಿಂತುಬಿಟ್ಟೆ. ಯಲಹಂಕ ಕಡೆಯ ಮನೆಗಳೆಂದರೆ ನಮ್ಮ ಮನೆ. ಬೆಳಿಗ್ಗೆ ನಾನು ಅಕ್ಕಿ ತೊಳೆದ ನೀರು, ಯಜಮಾನರು ಗಡ್ಡ ಕೆರೆದುಕೊಂಡ ನೀರು, ಮಗಳ ಎಣ್ಣೆಸ್ನಾನದ ನೀರು. ಆ ಹೆಜ್ಜಾರ್ಲೆ ತಾಳ್ಮೆಯಿಂದ ಬಸಿಯುತ್ತಿದ್ದದ್ದು ನಮ್ಮ ಬಚ್ಚಲನ್ನು.

ಅಸಹ್ಯವೆನಿಸಬೇಕಿತ್ತೇನೋ. ನನಗೆ ಥಟ್ಟನೆ ನೆನಪಾದದ್ದು ಅಜ್ಜಿಯ ಮನೆಯ ಹಿತ್ತಿಲು.

ಅಜ್ಜಿಯ ಬಚ್ಚಲುಮನೆ ಮೂಲೆಯಲ್ಲಿ ತಾಮ್ರದ ಹಂಡೆ, ಅದರಡಿ ತೆಂಗಿನ ಸೋಗೆಯ ಉರಿ. ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಗೋಡೆಗೂಡಿನಲ್ಲಿ ಎಣ್ಣೆ ಬಟ್ಟಲು. ಮಿಂದ ನೀರು ಗೋಡೆಯಡಿಯ ಕಿಂಡಿಯಿಂದ ಹೊರಗೆ ಹೋಗಿ, ಜಲ್ಲಿ ತುಂಬಿದ ಒಂದು ಗುಂಡಿಗೆ ಬಿದ್ದು, ಅಲ್ಲಿಂದ ಬೆರಳಗಲದ ಕಾಲುವೆಯಲ್ಲಿ ಹಿತ್ತಿಲಿಗೆ ಹರಿಯುತ್ತಿತ್ತು. ಕಾಲುವೆಯ ಎರಡೂ ಬದಿ ಕೆಸು. ಕೊನೆಯಲ್ಲಿ ಬಾಳೆ. ಬಾವಿ ಬತ್ತಿದ ವರ್ಷಗಳಲ್ಲೂ, ತೋಟದ ಬಾಳೆಯೆಲ್ಲ ಸುಟ್ಟು ಹೋದರೂ, ಬಚ್ಚಲ ಬಾಳೆ ಮಾತ್ರ ಮನೆಯವರು ಮೀಯುತ್ತಿದ್ದಷ್ಟು ದಿನ ಹಸಿರಾಗಿರುತ್ತಿತ್ತು. ಅದರ ಮೊದಲ ಗೊನೆ ಕೆರೆಯೇರಿಯ ಗಂಗಮ್ಮನ ಗುಡಿಗೆ. ಬಚ್ಚಲ ನೀರು ಕುಡಿದ ಗೊನೆ ದೇವರಿಗಾದೀತೇ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕುದಿವ ನೀರನ್ನು ನೇರ ಬುಡಕ್ಕೆ ಬಿಡಬಾರದು, ಗುಂಡಿಯಲ್ಲಿ ಆರಿ ಹೋಗಬೇಕು ಎಂಬುದು ಅಜ್ಜಿಯ ಒಂದು ಕಟ್ಟಳೆ. ಹದಿನೈದು ದಿನಕ್ಕೊಮ್ಮೆ ಹಳೆಯ ಎಲೆ, ಕೊಳೆತ ಕೆಸುವಿನ ದಂಟು ಎಲ್ಲ ಸವರಿ ಆಚೆ ಹಾಕಬೇಕು ಎಂಬುದು ಇನ್ನೊಂದು. ಬಿಟ್ಟರೆ ಹಿತ್ತಿಲು ನಾರುತ್ತದೆ.

ಶುದ್ಧೀಕರಣ ಘಟಕದಿಂದ ಹೊರಟ ನೀರು ಇಲ್ಲಿ ನೇರವಾಗಿ ಕೆರೆಗೆ ಇಳಿಯುವುದಿಲ್ಲ. ನಡುವೆ ಎಕರೆಗಟ್ಟಲೆ ಜೌಗು. ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಬಿಡಿಎ ಕೆರೆಯ ಹೂಳು ತೆಗೆಸಿ, ನಡೆಯುವ ದಾರಿ ಮಾಡಿ, ಈ ಜೌಗಿಗೂ ಒಂದು ರೂಪ ಕೊಟ್ಟಿತು. ಈಗ ಅಲ್ಲಿ ಆಳೆತ್ತರ ಜೊಂಡು. ಕಂದು ಬಣ್ಣದ ಉದ್ದ ತೆನೆಗಳು ಊದುಬತ್ತಿ ಚುಚ್ಚಿಟ್ಟಂತೆ ನಿಂತಿವೆ. ಅದರ ಸಂದಿಯಲ್ಲಿ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ ಹರಿಯುತ್ತದೆ, ಮತ್ತು ಇಡೀ ಕೆಲಸವಿರುವುದು ಆ ನಿಧಾನದಲ್ಲೇ. ನಿಧಾನವಾದ ನೀರು ತಾನು ಹೊತ್ತು ತಂದ ಕಸರನ್ನು ಕೆಳಗೆ ಬಿಡುತ್ತದೆ. ಜೊಂಡಿನ ಬೇರು ದಂಟುಗಳಿಗೆ ಲೋಳೆಯಂತೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಗಾಳಿಯಾಡದ ಕೆಸರಿನಲ್ಲಿರುವ ಇನ್ನೊಂದು ಜಾತಿಯವು ಆ ನೈಟ್ರೇಟನ್ನು ಒಡೆದು ಸಾರಜನಕದ ಅನಿಲ ಮಾಡಿ ಆಕಾಶಕ್ಕೆ ಬಿಡುತ್ತವೆ. ಉಳಿದ ಸಾರಜನಕವನ್ನೂ ಸೋಪುಪುಡಿಯಿಂದ ಬಂದ ರಂಜಕವನ್ನೂ ಗಿಡ ಒಂದಷ್ಟು ಉಂಡು ಮೈಬೆಳೆಸಿಕೊಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ನೀರನ್ನು ಅಳೆದು ನೋಡಿ, ಘಟಕ, ಜೌಗು, ಕೆರೆಯ ಪಾಚಿ ಮೂರೂ ಕೂಡಿ ದುಡಿಯುವ ಈ ಏರ್ಪಾಡು ಬೆಂಗಳೂರಿನ ಬೇರೆ ಕೆರೆಗಳಿಗೂ ಮಾದರಿಯಾಗಬಹುದೆಂದು ಬರೆದಿದ್ದಾರೆ. ಅಜ್ಜಿಯ ಬಚ್ಚಲಿಗೂ ನಮ್ಮ ಒಳಚರಂಡಿಗೂ ದೊಡ್ಡ ಅಂತರವಿದೆ, ನಿಜ. ಅಲ್ಲಿ ಬರೀ ಮೀಯುವ ನೀರು, ಇಲ್ಲಿ ಪಾಯಖಾನೆಯದ್ದೂ ಸೇರಿ. ಅದಕ್ಕೇ ಬಾಳೆಗೆ ಮುಂಚೆ ಯಂತ್ರ ಬೇಕಾಯಿತು. ಆದರೆ ಯಂತ್ರ ಮುಗಿಸದೆ ಬಿಟ್ಟದ್ದನ್ನು ಕೈಗೆತ್ತಿಕೊಂಡಿರುವುದು ಬೇರು, ಕೆಸರು, ಬಿಸಿಲು. ಎಲ್ಲ ಹಿತ್ತಿಲಿನ ಸಾಮಾನೇ.

ಜೊಂಡನ್ನು ಕೊಯ್ಯದೆ ಬಿಟ್ಟರೆ ಅದು ಅಲ್ಲೇ ಒಣಗಿ, ಕೊಳೆತು, ಉಂಡದ್ದನ್ನೆಲ್ಲ ತಿರುಗಿ ನೀರಿಗೇ ಕೊಡುತ್ತದೆ. ಅಜ್ಜಿಯ ಎರಡನೆಯ ಕಟ್ಟಳೆ ಇಲ್ಲಿಗೂ ನಡೆಯುತ್ತದೆ. ಜೌಗಿನಂಚಿನಲ್ಲಿ ಸೀರೆ ಎತ್ತಿಕಟ್ಟಿ, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಹಸಿರು ಕೊಯ್ಯುತ್ತಿದ್ದ ಹೆಂಗಸೊಬ್ಬರನ್ನು ನಾನು ಮಾತಾಡಿಸಿದ್ದು ಅಲ್ಲಿಯೇ. ಅವರ ಹೊರೆಯಲ್ಲಿದ್ದ ಎಲೆ ನೋಡಿ ಬಾಯಲ್ಲಿ ನೀರೂರಿತು.

"ಹೊನಗೊನ್ನೆ ಸೊಪ್ಪಾ ಅಕ್ಕಾ?"

"ಅಯ್ಯೋ, ಅದಲ್ಲ ಕಣಮ್ಮ," ಎಂದರು ಕುಡುಗೋಲು ನಿಲ್ಲಿಸಿ. "ನೋಡಕ್ಕೆ ಹಂಗೇ. ಹೊನಗೊನ್ನೆ ಹೂವು ಗೆಣ್ಣಿಗೇ ಅಂಟ್ಕೊಂಡಿರ್ತದೆ. ಇದಕ್ಕೆ ನೋಡು, ತೊಟ್ಟು ಉದ್ದ. ಇದು ಹಸಕ್ಕೆ. ನಮಗಲ್ಲ."

ಒಂದು ದಂಟು ಮುರಿದು ಕೈಗೆ ಕೊಟ್ಟರು. ಬೆಳ್ಳಗಿನ ಉಂಡೆ ಹೂವು, ಕೆಳಗೆ ಉದ್ದನೆಯ ತೊಟ್ಟು. ಸಸ್ಯಶಾಸ್ತ್ರದ ಪುಸ್ತಕಗಳೂ ಈ ಎರಡನ್ನು ಬೇರೆ ಮಾಡುವುದು ಇದೇ ಗುರುತಿನಿಂದ. ಹೊನಗೊನ್ನೆಯ ದಾಯಾದಿ ಇದು, ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳಲ್ಲಿ ಬೇರೂರಿದ್ದು. ಮನೆಯಲ್ಲಿ ಎರಡು ಹಸುಗಳಿವೆಯಂತೆ. ದಿನಕ್ಕೆ ಎರಡು ಹೊರೆ ಒಯ್ಯುತ್ತಾರೆ. ಅವರು ಹೊರೆ ತಲೆಗೇರಿಸಿಕೊಂಡು ಹೊರಟಾಗ ನೀರು ತೊಟ್ಟಿಕ್ಕುತ್ತ ದಾರಿಯುದ್ದಕ್ಕೂ ಗೆರೆ ಬಿತ್ತು. ಬಚ್ಚಲ ನೀರಿನಿಂದ ಹುಲ್ಲು, ಹುಲ್ಲಿನಿಂದ ಹಾಲು. ಆ ಹಾಲು ಜಕ್ಕೂರಿನ ಯಾವುದೋ ಮನೆಯ ಕಾಫಿಗೆ. ಮಂಕಾದ ಗಾಜಿನಂತಿದ್ದ ಜೌಗಿನ ನೀರಿನಲ್ಲಿ ಅವರ ಕಾಲಿನ ಗುರುತು ತುಂಬಿಕೊಳ್ಳುವುದನ್ನೇ ನೋಡುತ್ತಿದ್ದೆ. ಜೊಂಡಿನೊಳಗಿಂದ ಒಂದು ಜಂಬುಕೋಳಿ ಕೆಂಪು ಕಾಲಿಟ್ಟು, ನೇರಳೆ ಮೈ ತೋರಿಸಿ, ಅವರು ಹೋದದ್ದನ್ನು ಖಾತ್ರಿ ಮಾಡಿಕೊಂಡು, ಕೊಯ್ದ ಜಾಗದ ಎಳೆ ದಂಟನ್ನು ಕಾಲಲ್ಲಿ ಹಿಡಿದು ತಿನ್ನತೊಡಗಿತು.

ನೀರು ಎಲ್ಲಿಂದ ಬಂತೆಂದು ಕೇಳುತ್ತ ಹೋದರೆ ಬಚ್ಚಲಿಗೇ ನಿಲ್ಲುವುದಿಲ್ಲ. ನಮ್ಮ ನಲ್ಲಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಇಲ್ಲಿಗೆ ಅರ್ಧ ಕಿಲೋಮೀಟರಿನಷ್ಟು ಎತ್ತರ. ಮೊದಲ ಹಂತದ ನೀರು ಹತ್ತಿದ್ದು 1974ರಲ್ಲಿ. ಅಂದಿನಿಂದ ಹಗಲೂ ಇರುಳೂ ಪಂಪುಗಳು ಹೊಳೆಯೊಂದನ್ನು ಬೆಟ್ಟ ಹತ್ತಿಸುತ್ತಲೇ ಇವೆ. ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ. ಪಡುವಣ ಇಳಿಜಾರಿನ ನೀರು ವೃಷಭಾವತಿ, ಅರ್ಕಾವತಿ ಸೇರಿ ತಿರುಗಿ ಕಾವೇರಿಗೇ ಹೋಗುತ್ತದೆ. ನಮ್ಮ ಬದಿಯದು ಮೂಡಣಕ್ಕೆ. ಜಕ್ಕೂರು ಕೆರೆ ಕೋಡಿ ಬಿದ್ದರೆ ರಾಚೇನಹಳ್ಳಿ ಕೆರೆ, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯುತ್ತ ದಕ್ಷಿಣ ಪಿನಾಕಿನಿ, ಅದರ ಜೊತೆ ತಮಿಳುನಾಡು ದಾಟಿ ಕಡಲೂರಿನ ಹತ್ತಿರ ಸಮುದ್ರ. ಕೊಡಗಿನಲ್ಲಿ ಹುಟ್ಟಿದ ನೀರು ನಮ್ಮ ಮನೆಯ ಬಚ್ಚಲಲ್ಲಿ ಮಿಂದು ಹೊಳೆಯನ್ನೇ ಬದಲಿಸುತ್ತದೆ. ಮದುವೆಯಾಗಿ ಬೇರೆ ಸೀಮೆಗೆ ಬಂದ ನನ್ನಂಥವಳಿಗೆ ಇದು ಏರಿಯ ಮೇಲೆ ಎಷ್ಟು ಸಲ ಯೋಚಿಸಿದರೂ ಸಾಕಾಗದ ವಿಷಯ.

ಎಲ್ಲ ಕಡೆಗೂ ಈ ನೀರಿನ ಹಣೆಬರಹ ಒಂದೇ ಆಗಲಿಲ್ಲ. ಇದೇ ಊರಿನ ಇನ್ನೊಂದು ಕಣಿವೆಯಲ್ಲಿ, ಬಾಳೆಯೂ ಗುಂಡಿಯೂ ಇಲ್ಲದೆ ನೇರ ಬಿದ್ದ ಬಚ್ಚಲ ನೀರಿಗೆ ಬೆಳ್ಳಂದೂರು ಕೆರೆ ನೊರೆ ಕಾರಿತು. 2017ರಲ್ಲೂ 2018ರಲ್ಲೂ ಅಲ್ಲಿ ಬೆಂಕಿ ಎದ್ದದ್ದನ್ನು ಟಿವಿಯಲ್ಲಿ ನೋಡಿದಾಗ, ನೀರಿಗೆ ಬೆಂಕಿ ಬೀಳುವುದೆಂದರೇನೆಂದು ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧಿ ಮಾಡಿ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುವ ಯೋಜನೆ ಶುರುವಾದದ್ದೂ 2018ರಲ್ಲೇ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನಾಡು ನಮ್ಮದು. ನಮ್ಮೂರ ಕೆರೆಗೆ ನೀರು ಬಂದ ದಿನ ತಮ್ಮ ಫೋನು ಮಾಡಿದ್ದ.

"ಅಕ್ಕಾ, ನಿಮ್ಮೂರ ನೀರು ನಮ್ಮೂರಿಗೆ ಬಂತು. ತೂಬು ಮುಳುಗೈತೆ."

ಅವನ ದನಿಯಲ್ಲಿ ಹಿಗ್ಗು ಇತ್ತು. ಒಂದು ಚಣ ಬಿಟ್ಟು ಕೇಳಿದ: "ಎರಡು ಸಲ ಸೋಸಿದರೆ ಸಾಕಾ ಅಕ್ಕ? ಮೂರನೇ ಸಲವೂ ಆಗಬೇಕು ಅಂತಾರೆ ಇಲ್ಲಿ ಜನ." ಆ ನೀರು ಕುಡಿಯಲಿಕ್ಕಲ್ಲ, ನೇರ ಹೊಲಕ್ಕೂ ಅಲ್ಲ, ನೆಲಕ್ಕಿಂಗಿ ಅಂತರ್ಜಲವಾಗಲೆಂದು ಎಂಬುದು ಅವನಿಗೂ ಗೊತ್ತು. ಆದರೂ ಜನ ಕೇಳುತ್ತಿರುವುದು ನ್ಯಾಯವಾದ ಮಾತು. ಬಚ್ಚಲ ನೀರನ್ನು ನೆರೆಯವರಿಗೆ ಕಳಿಸುವವರು ಗುಂಡಿಯ ಜಲ್ಲಿ ತಾವೇ ಬದಲಿಸಿ ಕಳಿಸಬೇಕು. ಹಾಗೆಂದೇ ಅವನಿಗೆ ಹೇಳಿದೆ.

ಕಳೆದ ಭಾನುವಾರ ನಾನು ಏರಿಗೆ ಬಂದಾಗ ಮೀನಿನವರು ಆಗಲೇ ಹರಿಗೋಲು ದಡಕ್ಕೆ ತಂದಿದ್ದರು. ಮಂಜಿನೊಳಗಿಂದ ಹರಿಗೋಲು ತಿರುಗುತ್ತ ಬರುವುದನ್ನು ನೋಡಲೆಂದೇ ನಾನು ಬೇಗ ಬರುವುದು, ಅವತ್ತು ತಪ್ಪಿಹೋಯಿತು. ಮರದಡಿ ನೀಲಿ ಟಾರ್ಪಾಲು ಹಾಸಿ ಬಲೆ ಬಿಡಿಸುತ್ತಿದ್ದರು. ಹದ್ದುಗಳು ಮೇಲೆ ಸುತ್ತುತ್ತಿದ್ದವು. ಎರಡು ಬೆಳ್ಳಕ್ಕಿಗಳು ಮೀನಿನವರ ಕಾಲ ಬಳಿಯೇ, ಮನೆಯ ಬೆಕ್ಕಿನಷ್ಟು ಸಲಿಗೆಯಿಂದ ಕಾದು ನಿಂತಿದ್ದವು.

"ಏನಣ್ಣ ಇವತ್ತು?"

"ಜಿಲೇಬಿನೇ ಜಾಸ್ತಿ ಅಕ್ಕ. ಕಾಟ್ಲ ಎರಡೇ ಬಿತ್ತು. ಚಳಿಗೆ ಮೀನು ಕೆಳಗೆ ಕೂತ್ಕಂಡ್ಬಿಡ್ತದೆ."

ನಾನು ಈ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಸುಮ್ಮನೆ ಮುಂದೆ ಹೋಗುವವಳೆಂದು ಆತನಿಗೆ ಗೊತ್ತು. ಎಷ್ಟೋ ಭಾನುವಾರ ಹಾಗೇ ಹೋಗಿದ್ದೇನೆ. ಕೆರೆಯ ಮೀನೆಂದರೆ ಹಸಿದು ಬೆಳೆದವಳು ನಾನು. ಅಜ್ಜಿಯ ಮನೆಯಲ್ಲಿ ಕೆರೆ ಬತ್ತುವ ಮುಂಚಿನ ವಾರ ಊರಿಗೆ ಊರೇ ಮೀನಿನ ಸಾರಿನ ಘಮಲಿನಲ್ಲಿ ಮುಳುಗುತ್ತಿತ್ತು. ಆದರೂ ಇಲ್ಲಿ ಕೈ ಹಿಂಜರಿಯುತ್ತಿತ್ತು. ಅಜ್ಜಿಯ ಬಾಳೆ ಕುಡಿದದ್ದು ಸೀಗೆಪುಡಿಯನ್ನು, ಪಾತ್ರೆ ಬೆಳಗಿದ ಬೂದಿಯನ್ನು. ನಮ್ಮ ಮನೆಯಿಂದ ಹೋಗುವುದೇನು? ಬಟ್ಟೆಯ ಸೋಪುಪುಡಿ, ನೆಲ ಒರೆಸುವ ಘಾಟು ದ್ರಾವಣ, ತಲೆಗೆ ಹಚ್ಚುವ ಬಣ್ಣ, ನಾವು ನುಂಗಿದ ಮಾತ್ರೆಗಳಲ್ಲಿ ಮೈಗೆ ಹತ್ತದೆ ಉಳಿದದ್ದು. ಈ ಮಾತ್ರೆಗಳ ಶೇಷವನ್ನೆಲ್ಲ ಹಿಡಿದು ನಿಲ್ಲಿಸಲೆಂದು ಶುದ್ಧೀಕರಣ ಘಟಕಗಳನ್ನು ಕಟ್ಟಿಲ್ಲ. ಜೊಂಡಿಗೂ ಅದು ಕಲಿಸದ ಪಾಠ. ಇದು ತಿಳಿದ ಮೇಲೆ ಅವಧಿ ಮೀರಿದ ಮಾತ್ರೆಗಳನ್ನು ಕಮೋಡಿಗೆ ಸುರಿಯುವುದು ನಮ್ಮ ಮನೆಯಲ್ಲಿ ನಿಂತಿತು. ನೆಲಕ್ಕೆ ಬರೀ ಬಿಸಿನೀರು. ತಲೆಗೆ ಸೀಗೆಪುಡಿ ತಿರುಗಿ ಬಂತು. ಮಗಳು ಮೊದಲು ಮುಖ ಸಿಂಡರಿಸಿ, ಈಗ ಅವಳೇ ಕಲಸಿಕೊಳ್ಳುತ್ತಾಳೆ. ಇಷ್ಟು ಮಾಡಿದರೆ ಒಂದು ಮನೆಯ ಪಾಲು ತೀರಿತೇ ಎಂದು ಕೇಳಿಕೊಂಡರೆ ಉತ್ತರ ಸುಲಭವಿಲ್ಲ.

ಆದರೆ ಅವತ್ತು ಇನ್ನೊಂದು ಮಾತು ಮನಸ್ಸಿಗೆ ಬಂತು. ಬಾಳೆಯ ಬುಡಕ್ಕೆ ನೀರು ಬಿಟ್ಟು, ಗೊನೆಯನ್ನು ಮಾತ್ರ ಮುಟ್ಟದೆ ಇರುವುದು ಎಂಥ ಸಂಬಂಧ? ಹೆಜ್ಜಾರ್ಲೆ ತಿನ್ನುತ್ತಿದೆ. ಹಸು ಮೇಯುತ್ತಿದೆ. ಹರಿಗೋಲಿನವನ ಮನೆಯಲ್ಲಿ ಇವತ್ತು ಇದೇ ಸಾರು. ನಮ್ಮ ಬಚ್ಚಲಲ್ಲಿ ಬೆಳೆದದ್ದನ್ನು ಅವರೆಲ್ಲರ ಬಾಯಿಗೆ ಬಿಟ್ಟು ನಾನೊಬ್ಬಳು ಏರಿಯ ಮೇಲೆ ನಿಂತು ನೋಡುವುದು ಸರಿಯೆನಿಸಲಿಲ್ಲ.

"ಅರ್ಧ ಕಿಲೋ ಜಿಲೇಬಿ ಹಾಕಣ್ಣ."

ಆತ ತಲೆಯೆತ್ತಿ ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ. ಕೈಗಾತ್ರದ ನಾಲ್ಕು ಮೀನು ಆರಿಸಿ ತಕ್ಕಡಿಗಿಟ್ಟ. ಮುಳ್ಳು ಅರ್ಧ ಕಿಲೋ ದಾಟಿದ ಮೇಲೂ ಒಂದು ಸಣ್ಣದನ್ನು ಮೇಲೆ ಹಾಕಿದ. ಬೆಳ್ಳಕ್ಕಿ ಒಂದು ಹೆಜ್ಜೆ ಮುಂದೆ ಇಟ್ಟಿತು.

ಮನೆಗೆ ಬಂದು ಕಲ್ಲುಪ್ಪು ಹಾಕಿ ಉಜ್ಜಿ, ಹುರುಪೆ ಕೆರೆದು, ಹೊಟ್ಟೆ ಸೀಳಿ ತೊಳೆದೆ. ಒಲೆಯ ಮೇಲೆ ಧನಿಯ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿತ್ತು. ಹುಣಸೆಹಣ್ಣು ಬಟ್ಟಲಲ್ಲಿ ನೆನೆಯುತ್ತಿತ್ತು. ಯಜಮಾನರು ಪೇಪರಿನಿಂದ ತಲೆಯೆತ್ತಿ, "ಎಲ್ಲಿಯ ಮೀನು?" ಎಂದರು.

"ನಮ್ಮದೇ," ಎಂದೆ.

ಮೊದಲ ನೀರು ಕೆಂಪಗಿತ್ತು, ಎರಡನೆಯದು ಮಂಕು. ಮೂರನೆಯದು ತಿಳಿಯಾಗಿ, ಮೀನಿನ ಬೆನ್ನಿನ ಬೂದುಬಣ್ಣ ಅದರೊಳಗಿಂದ ಕಾಣುತ್ತಿತ್ತು. ಪಾತ್ರೆ ಓರೆಮಾಡಿ ಸಿಂಕಿಗೆ ಬಗ್ಗಿಸಿದೆ. ಗುಳುಗುಳು ಎಂದು ಒಂದು ಸುತ್ತು ಸುತ್ತಿ, ಇಳಿದು ಹೋಯಿತು.